ಕಹಿ ಬೇರಿನ ಪರೀಕ್ಷೆ ಯಾರ ಖರ್ಚಿನಲ್ಲಿ?

ಚೀನಾ ದೇಶದಲ್ಲಿ ಹುವಾಂಗ್‌ಲಿಯನ್ ಎಂಬ ಬೇರೊಂದಿದೆ. ಮುರಿದರೆ ಅರಿಶಿನದ ಬಣ್ಣ, ಬಾಯಿಗಿಟ್ಟರೆ ಕಡುಕಹಿ. ಭೇದಿಗೆ ಅದು ಅಲ್ಲಿನವರ ಹಳೆಯ ಮದ್ದು. ಸಕ್ಕರೆ ಕಾಯಿಲೆಯಿದ್ದ ಕೆಲವರಿಗೆ ಭೇದಿ ನಿಲ್ಲಲೆಂದು ಅದರ ಸತ್ವವಾದ ಬರ್ಬರೀನನ್ನು ಕೊಟ್ಟಾಗ ರಕ್ತದ ಸಕ್ಕರೆಯೂ ಇಳಿದುದನ್ನು ಚೀನೀ ವೈದ್ಯರು 1988ರಲ್ಲಿ ವರದಿ ಮಾಡಿದರು.

ಬೇರುನಾರೆಂದರೆ ಮೂಗು ಮುರಿಯುವ ವಿದ್ಯಾವಂತರೂ, ಪುರಾತನವೆಂದರೆ ಕೈಮುಗಿಯುವ ಭಕ್ತರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾವು ಎರಡು ಪಂಗಡಕ್ಕೂ ಸೇರಿದವರಲ್ಲ. ತಕ್ಕಡಿಗೆ ಹಾಕಿ ನೋಡಿ ಎನ್ನುವವರು ನಾವು. ಶಾಂಘಾಯಿಯ ವೈದ್ಯರು ಮಾಡಿದ್ದೂ ಅದನ್ನೇ. ಹೊಸದಾಗಿ ಕಾಯಿಲೆ ಕಂಡ 36 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಬರ್ಬರೀನ್, ಇನ್ನೊಂದಕ್ಕೆ ನಮ್ಮ ಔಷಧಾಲಯಗಳಲ್ಲೂ ಸಿಗುವ ಮೆಟ್‌ಫಾರ್ಮಿನ್ ಗುಳಿಗೆ ಕೊಟ್ಟರು. ದಿನಕ್ಕೆ ಮೂರು ಸಲ ಅರ್ಧರ್ಧ ಗ್ರಾಂ, ಮೂರು ತಿಂಗಳು. 2008ರಲ್ಲಿ ಪ್ರಕಟವಾದ ಲೆಕ್ಕದಂತೆ ಬರ್ಬರೀನ್ ಪಡೆದವರ ಬರಿಹೊಟ್ಟೆಯ ಸಕ್ಕರೆ ಸುಮಾರು 190ರಿಂದ 125ಕ್ಕೆ ಇಳಿಯಿತು. ಗುಳಿಗೆಗೆ ಬೇರು ಸರಿಸಮ ನಿಂತಿತು. ಬರ್ಬರೀನ್ ಸೇವಿಸಿದವರಲ್ಲಿ ಮೂವರಿಗೊಬ್ಬರಂತೆ ಕೆಲವು ದಿನ ಹೊಟ್ಟೆ ಕೆಟ್ಟದ್ದನ್ನೂ ಅವರು ಮುಚ್ಚಿಡಲಿಲ್ಲ.

ಸಂತೋಷ. ಆದರೆ 36 ಮಂದಿಯೆಂದರೆ ಮಿಲ್ಲಿನ ಒಂದು ಪಾಳಿಯೂ ಆಗಲಿಲ್ಲ! ಆಮೇಲೆ ನಡೆದ ಪರೀಕ್ಷೆಗಳಲ್ಲಿಯೂ ಬಹುಪಾಲು ಚಿಕ್ಕವು, ಕೆಲವೇ ತಿಂಗಳಿನವು. ಈ ರೋಗ ಕಣ್ಣು, ಮೂತ್ರಪಿಂಡ, ಕಾಲುಗಳನ್ನು ತಿನ್ನುವುದು ವರ್ಷಗಟ್ಟಲೆ. ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಖರ್ಚು ಹೊರುವವರು ಯಾರು? ಬೇರಿನ ಸತ್ವದ ಮೇಲೆ ಏಕಸ್ವಾಮ್ಯ ಸಿಗದು. ಏಕಸ್ವಾಮ್ಯವಿಲ್ಲದ ಕಡೆ ಬಂಡವಾಳಗಾರ ಕಾಸು ಬಿಚ್ಚುವವನಲ್ಲ. ಪರೀಕ್ಷೆಯ ಗೊಡವೆಯಿಲ್ಲದೆ ಡಬ್ಬಿಗೆ ತುಂಬಿ "ಆಹಾರಪೂರಕ" ಎಂದು ಮಾರುವುದಕ್ಕೆ ಮಾತ್ರ ಎಲ್ಲರೂ ಮುಂದು. ಆದ್ದರಿಂದ ಈ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾರ್ವಜನಿಕ ಹಣದಿಂದಲೇ ಆಗಬೇಕು.

ಇದು ಬರಿಯ ವಾದವಲ್ಲ. 2009ರಲ್ಲಿ ಚೀನಾದ ಶಿಂಜಿಯಾಂಗ್‌ನಲ್ಲಿ ಸಕ್ಕರೆ ಕಾಯಿಲೆಗೆಂದು ಮಾರಿದ ಗಿಡಮೂಲಿಕೆಯ ನಕಲಿ ಮಾತ್ರೆ ನುಂಗಿ ಇಬ್ಬರು ಸತ್ತರು. ಅದರೊಳಗೆ ಗ್ಲಿಬೆನ್‌ಕ್ಲಮೈಡ್ ಎಂಬ ಇಂಗ್ಲಿಷ್ ಔಷಧವನ್ನೇ ಮಿತಿಮೀರಿ ಬೆರೆಸಿದ್ದರು.

ಪರೀಕ್ಷೆಯನ್ನು ದಾಟಿದ ಗಿಡಕ್ಕೆ ಏನಾಗುತ್ತದೆಂಬುದಕ್ಕೆ ಮೆಟ್‌ಫಾರ್ಮಿನ್ನೇ ಸಾಕ್ಷಿ. ಯೂರೋಪಿನ ಗಲೇಗಾ ಎಂಬ ಗಿಡದ ವಿಷಸತ್ವದ ಜಾಡು ಹಿಡಿದು ರಸಾಯನಜ್ಞರು ಆ ಬಗೆಯ ಔಷಧಗಳನ್ನು ಕಟ್ಟಿದರು; 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟೆರ್ನ್ ಮೆಟ್‌ಫಾರ್ಮಿನ್ನನ್ನು ರೋಗಿಗಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದ. ಇಂದು ಅದು ಬಡವನ ಕೈಗೂ ಎಟಕುವ ಗುಳಿಗೆ. ಪುಡಿಯ ಮಾತು ಕೇಳಿ ಆ ಗುಳಿಗೆಯನ್ನು ಬಿಡಬೇಡಿರೆಂದು ಕಾರ್ಮಿಕ ಬಂಧುಗಳನ್ನು ಕೇಳಿಕೊಳ್ಳುತ್ತೇವೆ. ಎರಡನ್ನೂ ಸೇರಿಸುವುದಾದರೆ ಡಾಕ್ಟರಿಗೆ ಹೇಳಿಯೇ ಸೇರಿಸಬೇಕು. ಗ್ರಂಧಿಗೆ ಅಂಗಡಿಯ ನಮ್ಮ ಮಿತ್ರರೂ ಗಿರಾಕಿಗೆ ಇಷ್ಟು ಹೇಳಿದರೆ ವ್ಯಾಪಾರವೇನೂ ಮುಳುಗದು.

ಇನ್ನೊಂದು ಮಾತು. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯಲ್ಲಿಯೂ ಇರುವುದು ಇದೇ ಬರ್ಬರೀನ್. ಕಡಿದು ಕಡಿದು ಅದು ಈಗಲೇ ಕಾಡಿನಲ್ಲಿ ವಿರಳವಾಗಿದೆ. ಜಾಹೀರಾತಿನವರು ಪರೀಕ್ಷೆಗಿಂತ ಮೊದಲು ಅಲ್ಲಿಗೆ ಹೊಕ್ಕರೆ, ಪರೀಕ್ಷಿಸುವುದಕ್ಕೂ ಬಳ್ಳಿ ಉಳಿಯಲಾರದು.