ಬಾವಲ್ಲ, ಉಬ್ಬರ

ವೈದ್ಯರ ವರದಿಯಲ್ಲಿ ಹೊಟ್ಟೆಯ ವಿಷಯ ಬಂದಾಗ ‘ಡಿಸ್ಟೆಂಡೆಡ್’ ಎಂಬ ಮಾತು ವಾಚಕರ ಕಣ್ಣಿಗೆ ಬಿದ್ದಿರಬಹುದು. ಅದನ್ನು ‘ಬಾವು ಬಂದಿದೆ’ ಎಂದು ಕನ್ನಡಿಸಿ ಮನೆಮಂದಿಯನ್ನೆಲ್ಲ ಗಾಬರಿಗೊಳಿಸುವವರುಂಟು. ಆ ಅನುವಾದ ಸರಿಯಲ್ಲ.

ಪೆಟ್ಟು ಬಿದ್ದೋ ಜೇನು ಕಡಿದೋ ಮೈಯ ಮಾಂಸವೇ ಬಾತುಕೊಂಡರೆ ಇಂಗ್ಲಿಷಿನಲ್ಲಿ ‘ಸ್ವೆಲ್’ ಎನ್ನುತ್ತಾರೆ. ‘ಡಿಸ್ಟೆಂಡ್’ ಎಂದರೆ ಒಳಗೆ ಗಾಳಿಯೋ ದ್ರವವೋ ತುಂಬಿ, ಅದರ ಒತ್ತಡಕ್ಕೆ ಹೊರಗೋಡೆ ಬಿಗಿದು ಹಿಗ್ಗುವುದು. ಆದುದರಿಂದ ಹೊಟ್ಟೆ, ಮೂತ್ರಕೋಶ, ಕತ್ತಿನ ರಕ್ತನಾಳ ಇವುಗಳಿಗೆ ಈ ಪದ ಒಪ್ಪುತ್ತದೆ. ಉಳುಕಿದ ಪಾದಕ್ಕೆ ಒಪ್ಪದು. ‘ಸ್ವೆಲ್’ ಬಹು ವಿಶಾಲವಾದ ಪದ. ನದಿ, ಜನಸಂದಣಿ, ಹೆಮ್ಮೆ ಎಲ್ಲವೂ ಅದರೊಳಗೆ ಅಡಗುತ್ತವೆ. ಹೆಮ್ಮೆಯಿಂದ ‘ಡಿಸ್ಟೆಂಡ್’ ಆದನೆಂದು ಬರೆದರೆ ಮಾತ್ರ ಓದಿದವರು ನಕ್ಕಾರು.

ಕನ್ನಡದಲ್ಲಿ ಇದಕ್ಕೆ ಹೊಸ ಪದವನ್ನು ಟಂಕಿಸಬೇಕಾಗಿಲ್ಲ. ‘ಹೊಟ್ಟೆಯುಬ್ಬರ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ. ಉಬ್ಬರವೆಂದ ಮಾತ್ರಕ್ಕೆ ಉಪೇಕ್ಷಿಸಬಹುದೆಂದಲ್ಲ. ಕರುಳಿನಲ್ಲಿ ತಡೆಯುಂಟಾದಾಗಲೂ ಹೊಟ್ಟೆ ಹೀಗೆಯೇ ಉಬ್ಬುತ್ತದೆ. ವೈದ್ಯರಿಗೆ ಫೋನಿನಲ್ಲಿ ತಿಳಿಸುವಾಗ ಬಾವು ಯಾವುದು, ಉಬ್ಬರ ಯಾವುದು ಎಂದು ಬೇರ್ಪಡಿಸಿ ಹೇಳಿದರೆ ಅವರಿಗೆಷ್ಟೋ ಅನುಕೂಲ.

ಪದದ ಹುಟ್ಟು ಇನ್ನೂ ಸ್ವಾರಸ್ಯವಾದದ್ದು. ಲ್ಯಾಟಿನಿನ ‘ಡಿಸ್’ ಎಂದರೆ ಬೇರೆ ಬೇರೆಯಾಗಿ, ‘ಟೆಂಡೆರೆ’ ಎಂದರೆ ಎಳೆದು ಹಿಡಿ, ಚಾಚು. ಎಳೆದು ಕಟ್ಟುವ ‘ಟೆಂಟ್’, ಮನಸ್ಸನ್ನು ಬಿಗಿಯುವ ‘ಟೆನ್ಷನ್’ ಎರಡೂ ಇದರ ಒಡಹುಟ್ಟುಗಳು. ಸಂಸ್ಕೃತದ ‘ತನ್’ ಧಾತುವಿಗೂ ಹರಡು, ಚಾಚು ಎಂಬುದೇ ಅರ್ಥ. ನೂಲಿನ ‘ತಂತು’ ಆ ಧಾತುವಿನಿಂದ ಬಂದದ್ದು. ಸಂಗೀತಗಾರರ ‘ತಾನ’ವೂ ಅದರದೇ. ಎಳೆದಷ್ಟೂ ವಸ್ತು ತೆಳುವಾಗುವುದಷ್ಟೆ? ತೆಳ್ಳಗಿರುವುದು ಸಂಸ್ಕೃತದಲ್ಲಿ ‘ತನು’, ಇಂಗ್ಲಿಷಿನಲ್ಲಿ ‘ಥಿನ್’!

ಇಷ್ಟು ಕಂಡೊಡನೆ ಇಂಗ್ಲಿಷರು ನಮ್ಮಿಂದ ಪದವನ್ನು ಕದ್ದರೆಂದು ಸಂಭ್ರಮಿಸುವುದು ಬೇಡ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದರು. ಈ ಪದಗಳು ಸೋದರರೇ ಹೊರತು ಒಂದು ಇನ್ನೊಂದರ ಮಗುವಲ್ಲ. ನಮ್ಮ ‘ಉಬ್ಬು’, ‘ಊದು’ಗಳಾದರೋ ಆ ವಂಶಕ್ಕೆ ಸೇರದ ದ್ರಾವಿಡ ಪದಗಳು. ಶಂಖ ಊದುವುದಕ್ಕೂ ಕೆನ್ನೆ ಊದುವುದಕ್ಕೂ ಕನ್ನಡಿಗನಿಗೆ ಒಂದೇ ಕ್ರಿಯಾಪದ ಸಾಕು.

ಇದರ ನಾಮಪದವನ್ನು ಇಂಗ್ಲಿಷಿನಲ್ಲಿ ‘ಎಸ್’ ಅಕ್ಷರದಿಂದಲೂ ಬರೆಯುತ್ತಾರೆ, ‘ಟಿ’ ಅಕ್ಷರದಿಂದಲೂ ಬರೆಯುತ್ತಾರೆ. ಎರಡೂ ಸಾಧು, ಮಕ್ಕಳು ಯಾವುದನ್ನು ಬರೆದರೂ ಅಂಕ ಕಳೆಯಬೇಡಿರಿ.