ಅಡಿಕೆ ನಾಡಿಗೆ ಬೇಕಾದ ತೆರಿಗೆ ಸುಧಾರಣೆಯೇ ಬೇರೆ

ಆದಾಯ ತೆರಿಗೆ, ಕಂಪನಿ ತೆರಿಗೆ ಇಳಿಸಿದರೆ ಊರೂರಿನ ಆರ್ಥಿಕತೆ ಚಿಗುರುತ್ತದೆ ಎಂಬ ವಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಟ್ಟಿಗೆ ಪೊಳ್ಳು. ಇಲ್ಲಿನ ಜೀವಾಳ ಅಡಿಕೆ. ಬೆಳೆಗಾರನ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಮೊದಲೇ ಇಲ್ಲ. 2019ರಲ್ಲಿ ವಿನಾಯಿತಿ ಬಿಟ್ಟುಕೊಟ್ಟ ಕಂಪನಿಗಳ ತೆರಿಗೆ ಶೇ 22ಕ್ಕೆ ಇಳಿಯಿತು. ನಮ್ಮ ತೋಟಗಳಿಗೆ ದಕ್ಕಿದ್ದೇನು?

ಬೆಳೆಗಾರ ತೆರಿಗೆ ತೆರುವುದು ಖರೀದಿಯಲ್ಲಿ. ಕೊಳೆರೋಗಕ್ಕೆ ಕೊಳ್ಳುವ ಶಿಲೀಂಧ್ರನಾಶಕಕ್ಕೆ ಶೇ 18, ರಸಗೊಬ್ಬರಕ್ಕೆ ಶೇ 5 ಜಿಎಸ್‌ಟಿ. ನೋಂದಾಯಿತ ವ್ಯಾಪಾರಿ ತೆತ್ತ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತಾನೆ. ರೈತನಿಗೆ ಆ ದಾರಿಯಿಲ್ಲ.

ಒಣ ಅಡಿಕೆಯ ಮೇಲಿನ ಶೇ 5 ಜಿಎಸ್‌ಟಿ ಇನ್ನೊಂದು ಪೆಟ್ಟು. 1923ರಲ್ಲಿ ಹುಟ್ಟಿದ ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರಿ ಸಂಘದಲ್ಲಿ ಕೊಳ್ಳುವವನು ಬಿಲ್ ಪಡೆದು ತೆರಿಗೆ ಕಟ್ಟುತ್ತಾನೆ. ಬಿಲ್ಲಿಲ್ಲದೆ ಸಾಗಿಸುವವನಿಗೆ ಅದೇ ಹಣ ಲಾಭ. ಪ್ರಾಮಾಣಿಕನೇ ಸೋಲುವ ಪೇಟೆಯಲ್ಲಿ ಯಾವ ಬೆಳವಣಿಗೆ?

ಸುಧಾರಣೆ ಖಂಡಿತ ಬೇಕು. ಕೃಷಿ ಪರಿಕರಗಳ ತೆರಿಗೆ ಇಳಿಸಿ. ಬಿಲ್ಲಿಲ್ಲದ ವಹಿವಾಟು ತಡೆಯಿರಿ. ಅಗ್ಗದ ಆಮದು ಅಡಿಕೆ ತಡೆಯಲು 2023ರಲ್ಲಿ ನಿಗದಿಯಾದ ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ದರವನ್ನು ಬಂದರು, ಗಡಿಗಳಲ್ಲಿ ಕಟ್ಟುನಿಟ್ಟಾಗಿ ಜಾರಿಗೊಳಿಸಿ. ತೋಟದವನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮಾತ್ರ ಶಿರಸಿ ಪೇಟೆ ಬೆಳೆದೀತು.