ನೋಡುವ ಯಂತ್ರಕ್ಕೂ ಹಾಜರಿ ಬೇಕು

ವಾಹನಕ್ಕೆ ಹಣ ಕಟ್ಟಿ ಕಾಯುವುದು ನಮ್ಮ ದೇಶದವರಿಗೆ ಹೊಸತಲ್ಲ. ಚೇತಕ್ ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದವರು ನಮ್ಮ ಹಿರಿಯರಲ್ಲಿ ಅನೇಕರು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಅದರ ಒಡೆಯನಿಗೆ ಇತ್ತಾಗ, ಹಿಂದೆ ಸಾವಿರಾರು ಮಂದಿಯ ಸರದಿಯಿತ್ತು. ಅಂದು ಸುದ್ದಿಯನ್ನು ಅಂಚೆಯವನು ತರುತ್ತಿದ್ದನು. ಇಂದು ಅದು ಜಾಲತಾಣದ ಪುಟವೊಂದರಲ್ಲಿ ಇರುತ್ತದೆ, ನಾವೇ ಹೋಗಿ ನೋಡಬೇಕು.

ಬಾಯಾರಿನಲ್ಲಿರುವ ನಮ್ಮ ಅಕ್ಕನವರು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗಾಗಿ ಮಂಗಳೂರಿಗೆ ಹೋಗಬೇಕಾಗಿದೆ. ಉಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮರಳುವಾಗ ನಿಲ್ಲಲೂ ತ್ರಾಣವಿರುವುದಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಹಿರಿಯ ಮಗನು ಇದನ್ನು ಕಂಡು ಕಾರೊಂದನ್ನು ಕಾದಿರಿಸಿದನು. ದಿನಕ್ಕೆ ಹತ್ತು ಸಲ ಕಂಪೆನಿಯ ಪುಟವನ್ನು ತೆರೆದು ನೋಡಿ ಬೇಸತ್ತು, ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿದನು.

ಉಪಾಯವು ಸರಳವಾದುದು. ಚಿಕ್ಕದೊಂದು ಪ್ರೋಗ್ರಾಂ ಆ ಪುಟವನ್ನು ತಂದು, ಆದೇಶದ ಸ್ಥಿತಿಯನ್ನು ಹೇಳುವ ಸಾಲನ್ನು ಮಾತ್ರ ಆರಿಸಿ, ಹಿಂದಿನ ಸಲ ಬರೆದಿಟ್ಟ ಸಾಲಿನೊಡನೆ ತಾಳೆ ನೋಡುತ್ತದೆ. ಬದಲಾಗಿದ್ದರೆ ಟೆಲಿಗ್ರಾಂ ಮೂಲಕ ಮೊಬೈಲಿಗೆ ಸಂದೇಶ ಕಳುಹಿಸಿ, ಹೊಸ ಸಾಲನ್ನು ಬರೆದಿಡುತ್ತದೆ. ನಿಗದಿತ ವೇಳೆಗೆ ಅದನ್ನು ಎಬ್ಬಿಸುವುದು ‘ಕ್ರಾನ್’ ಎಂಬ ಸಾಧನ. 1970ರ ದಶಕದಲ್ಲಿಯೇ ಯುನಿಕ್ಸ್ ವ್ಯವಸ್ಥೆಯಲ್ಲಿ ಬಳಕೆಗೆ ಬಂದುದು.

“ನಿಮಿಷಕ್ಕೊಮ್ಮೆ ನೋಡಬಾರದೇನಪ್ಪಾ?” ಎಂದು ನಾವು ಕೇಳಿದೆವು. “ಬೇಡ ಮಾವ, ಹಾಗೆ ಮಾಡಿದರೆ ದಿನಕ್ಕೆ 1,440 ಸಲ ಬಾಗಿಲು ತಟ್ಟಿದಂತಾಗುತ್ತದೆ. ಅವರು ನಮ್ಮನ್ನು ಹೊರಗಿಟ್ಟಾರು. ಅರ್ಧ ಗಂಟೆಗೊಮ್ಮೆಯಾದರೆ 48, ಅಷ್ಟು ಸಾಕು” ಎಂದನು. ಲೆಕ್ಕವೂ ಸರಿ, ಮರ್ಯಾದೆಯೂ ಸರಿ.

ಎರಡು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು. ಬಳಿಕ ಹತ್ತು ದಿನ ಸುದ್ದಿಯೇ ಇಲ್ಲ. ಬದಲಾವಣೆಯಿಲ್ಲವೆಂದು ಅವನು ನಿಶ್ಚಿಂತನಾಗಿದ್ದನು. ಅಕ್ಕನವರೇ ಫೋನ್ ಮಾಡಿ, “ಒಮ್ಮೆ ನಿನ್ನ ಕಣ್ಣಿನಿಂದಲೇ ನೋಡು ಮಗಾ” ಎಂದರು. ನೋಡಿದರೆ, ಕಾರಿಗೆ 17 ಅಕ್ಷರ-ಅಂಕೆಗಳ ಗುರುತುಸಂಖ್ಯೆ ನಿಗದಿಯಾಗಿ, ಉಳಿದ ಹಣ ಕಟ್ಟಲು ಎರಡೇ ದಿನ ಬಾಕಿ! ತಪ್ಪಿದ್ದರೆ ಸರದಿಯು ಬೇರೆಯವರ ಪಾಲಾಗುತ್ತಿತ್ತು. ಲಾಗಿನ್ನಿನ ಅವಧಿ ಮುಗಿದಿದ್ದುದರಿಂದ ಪ್ರೋಗ್ರಾಮಿಗೆ ಪ್ರತಿಸಲವೂ ಗುಪ್ತಪದ ಕೇಳುವ ಪುಟವೇ ಸಿಗುತ್ತಿತ್ತು. ತಾನು ಹುಡುಕುವ ಸಾಲು ಕಾಣದಿದ್ದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ, ಅದು ಸುಮ್ಮನಿತ್ತು.

ಶಾಲೆಯಲ್ಲಿ ಹಾಜರಿ ಕರೆಯುವಾಗ ಉತ್ತರಿಸದ ಮಗುವನ್ನು ನಾವು ಬಂದಿದೆಯೆಂದು ಬರೆದುಕೊಳ್ಳುವುದಿಲ್ಲ. ಯಂತ್ರದ ಮೌನವನ್ನು ಮಾತ್ರ ‘ಎಲ್ಲವೂ ಕ್ಷೇಮ’ ಎಂದು ಓದಿಕೊಳ್ಳುತ್ತೇವೆ. ನಮ್ಮ ಸೋದರಳಿಯನು ಮಾಡಿಕೊಂಡ ತಿದ್ದುಪಡಿಗಳು ಎರಡು. ಸಾಲು ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಅದು ಕೂಡಲೇ ತಿಳಿಸಬೇಕು. ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ, ಬದಲಾವಣೆಯಿಲ್ಲದಿದ್ದರೂ, ‘ನೋಡಿದ್ದೇನೆ, ಹೊಸತಿಲ್ಲ’ ಎಂದು ಹಾಜರಿ ಹೇಳಬೇಕು. ಏಳಕ್ಕೆ ಆ ಸಂದೇಶ ಬಾರದಿದ್ದರೆ ಯಂತ್ರವೇ ಮಲಗಿದೆಯೆಂದು ತಿಳಿಯಬಹುದು.

ಪರವೂರಿನಲ್ಲಿರುವ ಮಕ್ಕಳು ಇಂತಹ ಏರ್ಪಾಡುಗಳನ್ನು ಮನೆಯವರಿಗೆ ಮಾಡಿಕೊಡುವುದು ಸಂತೋಷದ ವಿಷಯ. ಕಾರಿಗೆ ಮಾತ್ರವಲ್ಲ, ಪರೀಕ್ಷೆಯ ಫಲಿತಾಂಶಕ್ಕೂ ಉದ್ಯೋಗದ ಪ್ರಕಟಣೆಗೂ ಇದೇ ಉಪಾಯ ನಡೆದೀತು. ಆದರೆ ಮೂರು ಮಾತುಗಳನ್ನು ನೆನಪಿಡಬೇಕು: ಆ ಜಾಲತಾಣದ ನಿಯಮಗಳು ಇದನ್ನು ಒಪ್ಪುತ್ತವೆಯೇ ಎಂದು ಮೊದಲು ಓದುವುದು, ಗುಪ್ತಪದವನ್ನು ಪರರ ಕೈಗೆ ಕೊಡದಿರುವುದು, ಹಣ ಕಟ್ಟುವ ಕೊನೆಯ ದಿನದಂತಹ ಮುಖ್ಯ ವಿಷಯವನ್ನು ವಾರಕ್ಕೊಮ್ಮೆಯಾದರೂ ಸ್ವತಃ ನೋಡುವುದು.

ಕಾರು ಬಂದಿದೆ. ಮನೆಯಲ್ಲಿರುವ ಕಿರಿಯ ಮಗನು ಅಕ್ಕನವರನ್ನು ಅದರಲ್ಲಿ ಕರೆದೊಯ್ಯುತ್ತಾನೆ. ಮರಳುವ ದಾರಿಯಲ್ಲಿ ಅವರು ಈಗ ಮಲಗಿಕೊಂಡೇ ಬರಬಹುದು.